ನನ್ನ ಶ್ರದ್ಧಾಂಜಲಿಗೆ ಕೈ ಮುಗಿದವರು

ಸತ್ತವರ ಮುಖ ತೊಳೆಯುವ ಕೆಲಸವನ್ನು ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗಲೇ ಕಲಿತೆ. ಗಾಬರಿಯಾಗಬೇಡಿ, ಕಂಪ್ಯೂಟರಿನಲ್ಲಿ. ಬೆಳಗಾವಿಯ ಟಿಳಕವಾಡಿಯಲ್ಲಿ ಅಪ್ಪನದೊಂದು ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬದ ಫ್ಲೆಕ್ಸು, ಉದ್ಘಾಟನೆಯ ಫ್ಲೆಕ್ಸು, ಚುನಾವಣೆ ಬಂದರಂತೂ ಕೇಳುವುದೇ ಬೇಡ. ಆದರೆ ವರ್ಷವಿಡೀ ನಿಲ್ಲದೆ ನಡೆಯುವುದು ಶ್ರದ್ಧಾಂಜಲಿ ಕಾರ್ಡಿನ ಕೆಲಸ. ಈಗ ಯಾರಾದರೂ ತೀರಿಕೊಂಡರೆ ಹೆಂಗಸರು ಅಳಲು ಶುರು ಮಾಡುವಷ್ಟರಲ್ಲಿ ಒಬ್ಬ ಅಳಿಯ ಮೂಲೆಗೆ ನಿಂತು ಅಪ್ಪನಿಗೆ ಫೋನ್ ಮಾಡಿರುತ್ತಾನೆ. "ಕಾರ್ಡ್ ಲಗೂ ಮಾಡಿ ಕಳಸ್ರಿ, ಗ್ರೂಪಿಗೆ ಹಾಕಬೇಕ್ರಿ."

ಅವರು ಕಳಿಸುವ ಫೋಟೊ ಸಾಮಾನ್ಯವಾಗಿ ಯಾವುದೋ ಮದುವೆಯಲ್ಲಿ ತೆಗೆದದ್ದು. ಹೆಗಲ ಮೇಲೆ ಇನ್ನೊಬ್ಬರ ಕೈ ಇರುತ್ತದೆ, ಅದನ್ನು ಅಳಿಸಬೇಕು. ಮುಖ ಬೆಳ್ಳಗೆ ಮಾಡಬೇಕು, ಅರ್ಧ ಮುಚ್ಚಿದ ಕಣ್ಣು ತೆರೆಸಬೇಕು. ಇದಕ್ಕೆ ನಮ್ಮ ಅಂಗಡಿಯಲ್ಲಿ ಫೋಟೊ ತೊಳೆಯುವುದು ಎನ್ನುತ್ತಿದ್ದೆವು. ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಕನ್ನಡದಲ್ಲಿ, ಅದರ ಕೆಳಗೆ ಮರಾಠಿಯಲ್ಲಿ, ಎರಡೂ ಕಡೆ ಉರಿಯುವ ದೀಪ, ತಳದಲ್ಲಿ ಸಣ್ಣ ಅಕ್ಷರದಲ್ಲಿ ಅಂಗಡಿಯ ಹೆಸರು. ಶಾಲೆ ಬಿಟ್ಟ ಮೇಲೆ ಅಂಗಡಿಗೆ ಹೋಗಿ ನಾನು ಇದನ್ನೆಲ್ಲ ಮಾಡುತ್ತಿದ್ದೆ. ಖಾನಾಪುರದ ಕಡೆಯ ಎಷ್ಟು ಅಜ್ಜಂದಿರನ್ನು ಹತ್ತು ವರ್ಷ ಚಿಕ್ಕವರನ್ನಾಗಿ ಮಾಡಿ ಕಳಿಸಿದ್ದೇನೋ. ಕೈ ಬಹಳ ಚಲೋ ಐತಿ ಎಂದು ಅಪ್ಪ ಗಿರಾಕಿಗಳ ಮುಂದೆ ನನ್ನನ್ನು ಹೊಗಳುತ್ತಿದ್ದ, ನಾನು ಉಬ್ಬುತ್ತಿದ್ದೆ.

ಇಷ್ಟು ಕಲಿತವಳು ಸ್ವಂತ ಮುಖವನ್ನು ಬಿಡುತ್ತೇನೆಯೇ? ಪಿಯುಸಿಗೆ ಸೇರಿದಾಗ ಇನ್‌ಸ್ಟಾಗ್ರಾಮಿನಲ್ಲಿ ಖಾತೆ ತೆರೆದೆ. ಕಾಲೇಜಿನ ಹುಡುಗಿಯರದ್ದು ಒಬ್ಬೊಬ್ಬರದು ಒಂದೊಂದು ಠೀವಿ. ನನಗೆ ನನ್ನ ಮೂಗು ದಪ್ಪ ಎಂದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ ನೋಡಿ, ಅವರ ಫೋಟೊ ನೋಡಿ ಗೊತ್ತಾಯಿತು. ಮೂಗು ತೆಳ್ಳಗೆ ಮಾಡಿದೆ. ಗದ್ದ ಚೂಪು ಮಾಡಿದೆ. ಮೊಡವೆಗಳನ್ನು ಅಳಿಸಿದೆ. ನಮ್ಮ ಮನೆಯ ಉಪ್ಪುಹಿಡಿದ ಗೋಡೆ ತೆಗೆದು ಹಿಂದೆ ಬೆಳಗಾವಿ ಕೋಟೆಯ ಹಸಿರು ಹಾಕಿದೆ. ಜನ ಮೆಚ್ಚಿದರು. ಯಾರನ್ನು ಮೆಚ್ಚಿದರೋ ಅವಳು ನಾನಲ್ಲ ಎಂಬುದು ಗೊತ್ತಿದ್ದೂ, ಡೆಸ್ಕಿನ ಕೆಳಗೆ ಫೋನ್ ಹಿಡಿದುಕೊಂಡು ಎಷ್ಟು ಜನ ಮೆಚ್ಚಿದರು ಎಂದು ಮತ್ತೆ ಮತ್ತೆ ನೋಡುತ್ತಿದ್ದೆ. ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಒಂದು ಮಧ್ಯಾಹ್ನ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದಾಗ ನಮ್ಮ ಕ್ಲಾಸಿನವಳೊಬ್ಬಳು ಸದ್ದಿಲ್ಲದೆ ನನ್ನ ಫೋಟೊ ತೆಗೆದಳು. ಬಾಯಿ ತುಂಬ ರೊಟ್ಟಿ, ಒಂದು ಕಣ್ಣು ಅರ್ಧ ಮುಚ್ಚಿದೆ, ಕೆನ್ನೆಯ ಮೇಲೆ ಮೊಡವೆ ಹಾಗೇ ಇವೆ. ಅದನ್ನು ನಾನು ಹಾಕಿದ್ದ ಫೋಟೊದ ಪಕ್ಕ ಜೋಡಿಸಿದಳು. ನಾನು ತಿದ್ದಿದ ಫೋಟೊದ ಕೆಳಗೆ 'ಆರ್ಡರ್ ಮಾಡಿದ್ದು', ರೊಟ್ಟಿಯ ಫೋಟೊದ ಕೆಳಗೆ 'ಬಂದಿದ್ದು' ಎಂದು ಬರೆದು ಇನ್‌ಸ್ಟಾಗ್ರಾಮಿಗೆ ಹಾಕಿದಳು. ಸಂಜೆಯೊಳಗೆ ಇಡೀ ಕಾಲೇಜು ನೋಡಿತ್ತು. ನಾನು ಏನು ಮಾಡಿದೆ ಗೊತ್ತೇ? ಅದರ ಕೆಳಗೆ ನಾನೂ ಒಂದು ನಗುವ ಮುಖ ಹಾಕಿದೆ. ನನಗೇನೂ ಆಗಿಲ್ಲ ಎಂದು ತೋರಿಸಬೇಕಿತ್ತಲ್ಲ. ಅವಳ ಮೇಲೆ ಇವತ್ತು ಸಿಟ್ಟಿಲ್ಲ, ಆ ನಗುವ ಮುಖದ ಮೇಲೆ ಮಾತ್ರ ಇದೆ.

ಆಮೇಲೆ ನಾನು ಅಳುತ್ತಾ ಕೂತೆ ಎಂದುಕೊಂಡಿರೇನೋ, ಇಲ್ಲ. ಅತ್ತಿದ್ದರೆ ಚಲೋ ಇತ್ತು. ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿ ಬೇರೆಯವರ ಮುಖಗಳನ್ನು ಬೆರಳಿನಿಂದ ಮೇಲೆ ತಳ್ಳುತ್ತಾ ಇರುತ್ತಿದ್ದೆ. ಯಾವುದೂ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಚಹಾ ತಂದಿಟ್ಟರೆ ಆರಿ ಕೆನೆ ಕಟ್ಟುತ್ತಿತ್ತು. ಜಳಕ ಎಂದರೆ ಯಾವುದೋ ದೂರದ ಊರಿಗೆ ಹೋಗುವಷ್ಟು ದಣಿವು. ಕಾಲೇಜಿಗೆ ಹೋಗುವ ದಿನ ಕಡಿಮೆಯಾದವು, ಅಂಗಡಿಗಂತೂ ಕಾಲೇ ಇಡಲಿಲ್ಲ. ತಲೆ ಬಾಚದೆ ಕೂದಲು ಗಂಟುಗಟ್ಟಿತು, ಮೇಲೊಂದು ಓಢಣಿ ಹೊದ್ದು ಮುಚ್ಚಿಕೊಂಡೆ. ಅವ್ವ ಉಪ್ಪು ಮೆಣಸಿನಕಾಯಿ ತಂದು ದೃಷ್ಟಿ ತೆಗೆದಳು. ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲ, ಖರೇನ ದೃಷ್ಟಿ ಆಗೇತಿ ಎಂದಳು. ಅಪ್ಪನದು ಬೇರೆಯೇ ರಾಗ.

"ದೃಷ್ಟಿ ಇಲ್ಲ, ಏನಿಲ್ಲ. ಮೊಬೈಲ್ ಹುಚ್ಚು, ಮೈಗಳ್ಳತನ. ನಮ್ಮ ಕಾಲದಾಗ ಹಿಂಗ ಬಿದ್ಕೊಂಡಿದ್ರ ನಮ್ಮಪ್ಪ ಬೆನ್ನಮ್ಯಾಲ ಬಾರಕೋಲ ಮುರೀತಿದ್ದ," ಎಂದು ಫೋನ್ ಕಸಿದುಕೊಂಡ. ಮಾರನೆಯ ದಿನ ಕಾಲೇಜಿನ ನೋಟ್ಸ್ ಅದರಲ್ಲೇ ಬರುತ್ತವೆ ಎಂದು ತಾನೇ ವಾಪಸ್ ಕೊಟ್ಟ.

ಅಷ್ಟರಲ್ಲಿ ನನ್ನ ತಲೆಯಲ್ಲಿ ಬೇರೊಂದು ವಿಚಾರ ಮನೆ ಮಾಡಿಕೊಂಡಿತ್ತು. ನಾನು ಇಲ್ಲದಿದ್ದರೆ ಯಾರಿಗೂ ಏನೂ ಕಡಿಮೆಯಾಗುವುದಿಲ್ಲ, ಇರದಿರುವುದೇ ವಾಸಿ ಎಂಬ ವಿಚಾರ. ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವುದು? ಒಂದು ಫೋಟೊ ನೋಡಿ ನಾಲ್ಕು ಜನ ನಕ್ಕರು, ಅದಕ್ಕೆ ನನಗೆ ಬದುಕು ಬೇಡವಾಗಿದೆ ಎಂದು ಹೇಳಲು ನಾಚಿಕೆ. ನಾಚಿಕೆ ಎಂಬುದು ಎಂಥ ದರಿದ್ರ ವಸ್ತು ಎಂದರೆ, ಜೀವಕ್ಕಿಂತ ಮೊದಲು ಅದನ್ನೇ ಕಾಪಾಡಬೇಕು ಅನ್ನಿಸುತ್ತದೆ.

ದಸರೆಯ ರಜೆಯಲ್ಲಿ ಹವಾ ಬದಲಾದರೆ ಸರಿಹೋಗುತ್ತಾಳೆ ಎಂದು ನನ್ನನ್ನು ಖಾನಾಪುರಕ್ಕೆ, ಕಾಕಾನ ಮನೆಗೆ ಕಳಿಸಿದರು. ಕಾಕಾ ಅಂದರೆ ಅಪ್ಪನ ತಮ್ಮ. ಅಲ್ಲಿ ಹವಾ ಬದಲಾಯಿತೇ ಹೊರತು ನಾನು ಬದಲಾಗಲಿಲ್ಲ. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಫೋನಿನಲ್ಲಿದ್ದ ನಮ್ಮ ಅಂಗಡಿಯ ಶ್ರದ್ಧಾಂಜಲಿ ಕಾರ್ಡಿನ ಮಾದರಿ ತೆರೆದೆ. ಅದರಲ್ಲಿ ನನ್ನ ಫೋಟೊ ಇಟ್ಟೆ. ಯಾವ ಫೋಟೊ? ಆ 'ಬಂದಿದ್ದು'. ಬಾಯಿ ತುಂಬ ರೊಟ್ಟಿ ಇರುವುದು. ಕಣ್ಣು ತೆರೆಸಲಿಲ್ಲ, ಮೊಡವೆ ಅಳಿಸಲಿಲ್ಲ, ಏನೂ ತೊಳೆಯಲಿಲ್ಲ. ಕೆಳಗೆ ಕಾಲೇಜಿನ ದಾಖಲೆಯಲ್ಲಿರುವ ನನ್ನ ಉದ್ದನೆಯ ಹೆಸರು ಬರೆದೆ. ಮನೆಯಲ್ಲಿ ಯಾರೂ ಆ ಹೆಸರಿನಿಂದ ನನ್ನನ್ನು ಕರೆದವರಲ್ಲ. ನಮ್ಮ ಕಡೆಯ, ಅವ್ವನ ಕಡೆಯ ನೆಂಟರೆಲ್ಲ ಇರುವ ಒಂದು ವಾಟ್ಸಾಪ್ ಗುಂಪಿತ್ತು. ಅದಕ್ಕೆ ಹಾಕಿಬಿಟ್ಟೆ.

ಹಾಕಿದ ಕೂಡಲೇ ಅಳಿಸಬೇಕು ಎಂದು ಬೆರಳು ಇಟ್ಟೆ ಕೂಡ. ಅಷ್ಟರಲ್ಲಿ ಮೊದಲ ಮುಗಿದ ಕೈ ಬಂತು. ಅದರ ಹಿಂದೆಯೇ ಇನ್ನೊಂದು. 'ಓಂ ಶಾಂತಿ.' 'ದೇವರು ಆತ್ಮಕ್ಕೆ ಶಾಂತಿ ಕೊಡಲಿ.' ಯಾರೋ ಹೂವು ಹಾಕಿದರು. ಯಾರೊಬ್ಬರೂ ಇದು ಯಾರು ಎಂದು ಕೇಳಲಿಲ್ಲ, ಹಾಕಿದವರು ಯಾರೆಂದೂ ನೋಡಲಿಲ್ಲ. ಆ ಗುಂಪಿನಲ್ಲಿ ವಾರಕ್ಕೆ ನಾಲ್ಕು ಸಾವು ಬರುತ್ತವೆ, ಯಾರ ಬೀಗರೋ, ಯಾರ ದಾಯಾದಿಗಳೋ. ಕೈ ಮುಗಿಯುವುದು ರೂಢಿ, ಮುಗಿಯದಿದ್ದರೆ ತಪ್ಪು ತಿಳಿದುಕೊಳ್ಳುತ್ತಾರೆ. ಒಳಕೋಣೆಯಿಂದ ಕಾಕಾನ ಕೈ ಬಂತು. ಆಮೇಲೆ ಅಪ್ಪನದು, ಎರಡು ಜೊತೆ ಕೈ, ಒಂದು ಹೂವು. ಅದರ ಕೆಳಗೆ ಯಾರೋ ಹೋಳಿಗೆ ಮಾಡುವ ವಿಡಿಯೊ ಹಾಕಿದರು. ಅಲ್ಲಿಗೆ ನನ್ನ ಸಾವು ಮುಗಿಯಿತು.

ನಗು ಬರುತ್ತದೆಯೇ? ಬರಲಿ ಬಿಡಿ, ನನಗೂ ಬರುತ್ತದೆ ಒಮ್ಮೊಮ್ಮೆ. ಆವತ್ತು ಬರಲಿಲ್ಲ. ಆವತ್ತು ಅನ್ನಿಸಿದ್ದು, ನಾನು ಅಂದುಕೊಂಡದ್ದು ಸರಿಯಾಗಿಯೇ ಇತ್ತು ಎಂದು. ಕಾಕಾ ಹೊರಗೆ ಬಂದು, "ಚಾ ಕುಡಿತೀಯೇನವಾ?" ಎಂದು ಕೇಳಿದ. ಒಲ್ಲೆ ಎಂದೆ.

ಆ ಗುಂಪಿನಲ್ಲಿ ನಮ್ಮ ಮಾವಶಿಯೂ ಇದ್ದಳು, ಅವ್ವನ ತಂಗಿ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯ ಮಚ್ಛೆಯಲ್ಲಿ, ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಯಾವುದೋ ಮದುವೆಯಲ್ಲಿ ಉಡಿಸಿದ ಸೀರೆ ಕಳಪೆಯಾಯಿತೆಂದು ಜಗಳ ಹತ್ತಿ, ಅವಳೂ ಅವ್ವನೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಗುಂಪು ಮಾತ್ರ ಬಿಟ್ಟಿರಲಿಲ್ಲ, ಬಿಟ್ಟರೆ ಯಾರ ಮನೆಯಲ್ಲಿ ಏನು ನಡೆದಿದೆ ಎಂದು ತಿಳಿಯುವುದು ಹೇಗೆ? ಅವಳು ಚಹಾದ ಬಿಡುವಿನಲ್ಲಿ ಕಾರ್ಡು ನೋಡಿದಳು. ಎರಡು ಬೆರಳಿನಿಂದ ಫೋಟೊ ಹಿಗ್ಗಿಸಿ ನೋಡಿದಳು. ಯಾರಿಗೂ ಫೋನ್ ಮಾಡಲಿಲ್ಲ. ಕೆಲಸದ ಏಪ್ರನ್ ಕೂಡ ಬಿಚ್ಚದೆ ರಸ್ತೆಗೆ ಬಂದು ಖಾನಾಪುರದ ಬಸ್ಸು ಹತ್ತಿದಳು. ನಾನು ರಜೆಗೆ ಅಲ್ಲಿಗೆ ಹೋಗಿದ್ದೇನೆಂದು ಅದೇ ಗುಂಪಿನಲ್ಲಿ ಓದಿದ್ದಳಂತೆ.

ನಾನು ಕೇಳಿದ್ದು ಮೊದಲು ಅಳುವ ದನಿ. ಓಣಿಯ ಆ ತುದಿಯಿಂದ ಬರುತ್ತಿತ್ತು, ಸತ್ತವರ ಮನೆಗೆ ಬರುವ ಹೆಂಗಸರು ಹಾಡಿಕೊಂಡು ಅಳುತ್ತಾರಲ್ಲ, ಹಾಗೆ. "ನನ ಕೂಸ, ಎಂಥಾ ಹೊತ್ತಿನ್ಯಾಗ ಹೋದೆ ನನ ಕೂಸ..." ಯಾರದೋ ಮನೆಯಲ್ಲಿ ಯಾರೋ ಹೋದರು ಎಂದುಕೊಂಡು ನಾನೂ ಬಾಗಿಲಿಗೆ ಬಂದು ನಿಂತೆ. ಅಕ್ಕಪಕ್ಕದವರೂ ಹೊರಗೆ ಬಂದಿದ್ದರು. ಸೆರಗು ಜಾರಿದ್ದ, ಏಪ್ರನ್ ತೊಟ್ಟ ಒಬ್ಬ ಹೆಂಗಸು ಎದೆ ಬಡಿದುಕೊಳ್ಳುತ್ತಾ ನಮ್ಮ ಮನೆಯ ಕಡೆಗೇ ಬರುತ್ತಿದ್ದಳು. ಹತ್ತಿರ ಬಂದಾಗ ಗುರುತು ಸಿಕ್ಕಿತು. ಅವಳೂ ನನ್ನನ್ನು ನೋಡಿದಳು, ಬಾಯಿ ತೆರೆದಿದ್ದದ್ದು ಹಾಗೇ ಉಳಿಯಿತು, ದನಿ ನಿಂತಿತು.

ಕಪಾಳಕ್ಕೆ ಒಂದು ಕೊಟ್ಟಳು ನೋಡಿ, ಕಣ್ಣು ಕತ್ತಲೆ ಬಂತು. ಆಮೇಲೆ ಎಳೆದು ಅಪ್ಪಿಕೊಂಡಳು. ಓಣಿಯ ಜನರೆಲ್ಲ ನೋಡುತ್ತಿದ್ದರು, ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ತಲೆ ಅವಳ ಮೂಗಿನ ಕೆಳಗಿತ್ತು. ಓಢಣಿ ಹಿಂದೆ ಸರಿಸಿದಳು, ಗಂಟುಗಟ್ಟಿದ ಕೂದಲು ಮುಟ್ಟಿದಳು.

"ನೀ ತಲಿ ತೊಳದು ಎಷ್ಟ ದಿನಾ ಆತು?" ಎಂದು ಕೇಳಿದಳು, ಸಣ್ಣ ದನಿಯಲ್ಲಿ, ನನಗೆ ಮಾತ್ರ ಕೇಳುವಂತೆ.

ಕಾಕಾ ಓಡಿ ಬಂದ. ವಿಷಯ ತಿಳಿದು ಫೋನ್ ತೆಗೆದು ನೋಡಿದ, ತಾನು ಮುಗಿದ ಕೈಯನ್ನೂ ನೋಡಿದ, ಮುಖ ಕಪ್ಪಿಟ್ಟಿತು. ನೆರೆದ ಜನ ಏನು ಏನು ಎನ್ನುತ್ತಿದ್ದರು. ಏನಾದರೊಂದು ಹೇಳಲೇಬೇಕಿತ್ತು. "ಏನಿಲ್ರಿ, ಪೋರಿ ಚಾಷ್ಟಿ ಮಾಡ್ಯಾಳ. ಈಗಿನ ಹುಡುಗೂರ ಗೊತ್ತದಲ್ರಿ," ಎಂದ. ಆ ಮಾತು ಸಿಕ್ಕಿದ್ದೇ ತಡ, ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಹೌದು, ಚಾಷ್ಟಿ, ಬರೀ ತಮಾಷೆ. ಚಾಷ್ಟಿ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಬೈಯುತ್ತಾರೆ, ಮುಗಿಯುತ್ತದೆ. ಹಲ್ಲು ಕಿರಿದು, "ಸುಮ್ಮ ಮಾಡಿದ್ನಿ," ಎಂದೆ. ನೆರೆಮನೆಯಾಕೆ ಇಂಥ ಮಕ್ಕಳನ್ನು ಹುಟ್ಟಿದ ಕೂಡಲೇ ಎಂದು ಏನೋ ಅಂದು ಒಳಗೆ ಹೋದಳು.

ಅಪ್ಪ, ಅವ್ವ ಸ್ಕೂಟರಿನ ಮೇಲೆ ಬೆಳಗಾವಿಯಿಂದ ಬಂದರು. ಅಪ್ಪನ ಸಿಟ್ಟು ನೆತ್ತಿಗೇರಿತ್ತು. "ಕೆಳಗ ಅಂಗಡಿ ಹೆಸರ ಐತಿ, ಖಬರ ಐತೇನ ನಿನಗ? ನಾಳೆ ಯಾರರೇ ನನ್ನ ಕಡೆ ಕಾರ್ಡ್ ಮಾಡಸ್ತಾರೇನ? ಎಲ್ಲಾರ್ನೂ ಮಾಫ್ ಕೇಳ ಈಗಿಂದೀಗ." ಗುಂಪಿಗೆ ನನ್ನ ದನಿಯಲ್ಲೇ ಕಳಿಸಬೇಕಾಯಿತು. "ಎಲ್ಲಾರೂ ಮಾಫ್ ಮಾಡ್ರಿ, ಚಾಷ್ಟಿಗೆ ಮಾಡಿದ್ನಿ, ಇನ್ನ ಮಾಡೂದಿಲ್ರಿ." ಅದಕ್ಕೂ ಒಂದಿಬ್ಬರು ಕೈ ಮುಗಿದರು.

ಅವ್ವ ತಂಗಿಗೆ ಚಹಾ ಮಾಡಿ ತಂದಳು, ಅಷ್ಟು ವರ್ಷಗಳ ಮೇಲೆ. ಏನು ಮಾತಾಡಬೇಕೆಂದು ತಿಳಿಯದೆ ಲೋಟ ಮುಂದೆ ಹಿಡಿದು ನಿಂತಳು. ಮಾವಶಿ ಮುಟ್ಟಲಿಲ್ಲ. "ಅಕ್ಕಾ, ಚಾಷ್ಟಿ ಮಾಡೂ ಮಾರಿ ಏನ ಇದು? ನೋಡ ಒಮ್ಮೆ. ಡಾಕ್ಟರ್ ಕಡೆ ಕರಕೊಂಡ ಹೋಗ್ರಿ. ಮನಸಿನ ಡಾಕ್ಟರ್ ಕಡೆ. ನಮ್ಮ ಕಂಪನಿದಾಗಿನ ಒಬ್ಬಾಕಿ ಹೋಗಿ ಆರಾಮಾಗ್ಯಾಳ."

"ಹುಚ್ಚರ ಡಾಕ್ಟರ್ ಕಡೆ?" ಅಪ್ಪ ಬಾಗಿಲು ಮುಂದಕ್ಕೆ ಮಾಡಿದ. "ಮೆತ್ತಗ ಮಾತಾಡ. ಮಂದಿ ನೋಡಿದ್ರ ಏನಂತಾರ?"

"ಮಂದಿ ನೋಡ್ಲಿ ಬಿಡ್ರಿ ಭಾವಾ. ಮನ್ಯಾವ್ರಂತೂ ನೋಡ್ಲಿಲ್ಲ."

ಅವ್ವ ಲೋಟ ಕೆಳಗಿಟ್ಟು ನನ್ನ ಹತ್ತಿರ ಬಂದು ಕುಳಿತಳು, ಮುಟ್ಟಲು ಹೆದರಿದವಳ ಹಾಗೆ ಸ್ವಲ್ಪ ದೂರದಲ್ಲೇ.

ಈಗ ಡಿಗ್ರಿ ಮುಗಿಸಿ ಅದೇ ಅಂಗಡಿಯಲ್ಲಿ ಕೂಡುತ್ತೇನೆ. ಗುಳಿಗೆ ಬಹಳ ದಿನ ನುಂಗಿದೆ, ಡಾಕ್ಟರ ಹತ್ತಿರ ಮಾತಾಡಲು ಅದಕ್ಕಿಂತ ಹೆಚ್ಚು ದಿನ ಹೋದೆ. ಒಂದೇ ಸಲಕ್ಕೆ ಬಿಸಿಲು ಬಿದ್ದಂತೆ ಎಲ್ಲ ಸರಿಹೋಗಲಿಲ್ಲ. ಮೊದಲು ಬಾಯಿಗೆ ರುಚಿ ಬಂತು, ಆಮೇಲೆ ಸಿಟ್ಟು ಬಂತು, ನಡುವೆ ಕೆಲವು ವಾರ ಮತ್ತೆ ಹಾಸಿಗೆ ಹಿಡಿದೆ. ನಾಚಿಕೆ ಹೋಗಲು ಎಲ್ಲಕ್ಕಿಂತ ತಡವಾಯಿತು, ಪೂರ್ತಿ ಹೋಗಿದೆ ಎಂದರೆ ಸುಳ್ಳು. ಆದರೆ ಆ ಮೊದಲ ಭೇಟಿಯನ್ನು ಹೇಳದಿದ್ದರೆ ಈ ಬರೆದದ್ದೆಲ್ಲ ವ್ಯರ್ಥ.

ಅವ್ವ ಹಟ ಹಿಡಿದ ಮೇಲೆ ಅಪ್ಪ ಒಪ್ಪಿದ್ದ. ದವಾಖಾನೆ ಬೆಳಗಾವಿಯಲ್ಲೇ ಇತ್ತು. ಅಪ್ಪ ಸ್ಕೂಟರನ್ನು ಎರಡು ಓಣಿ ಆಚೆ ನಿಲ್ಲಿಸಿದ. ತಲೆಯ ಮೇಲಿನ ಹೆಲ್ಮೆಟ್ ತೆಗೆಯದೆ ಹಾಗೇ ನಡೆದ. ಕಾಯುವ ಜಾಗದಲ್ಲೂ ಹೆಲ್ಮೆಟ್ ಹಾಕಿಕೊಂಡೇ ಕೂತ, ಎಲ್ಲರೂ ಅವನನ್ನೇ ನೋಡುವಂತಾಯಿತು. ಎದುರಿನ ಬೆಂಚಿನಲ್ಲಿದ್ದವನೊಬ್ಬ ಎದ್ದು ಬಂದ. "ಏನ್ರೀ, ಫ್ಲೆಕ್ಸ್ ಅಂಗಡಿಯವ್ರ ಅಲ್ರಿ? ಇಲ್ಲೇನ್ರಿ?" ಅಪ್ಪ ತಬ್ಬಿಬ್ಬಾಗಿ, "ಗುರ್ತಿನವ್ರ ಒಬ್ರ ಇದ್ದಾರಂತ ಬಂದೀನ್ರಿ," ಎಂದ. "ನಾನೂ ಹಂಗ ಬಂದೀನ್ರಿ," ಎಂದು ಅವನೂ ಹೇಳಿದ. ಇಬ್ಬರೂ ತಮ್ಮ ತಮ್ಮ ಬೆಂಚಿನಲ್ಲಿ ಕೂತು ನೆಲ ನೋಡಿದರು. ಅಪ್ಪ ನನ್ನನ್ನು ಮಗಳು ಎನ್ನಲಿಲ್ಲವಲ್ಲ ಎಂದು ನಾನು ಓಢಣಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ.

ಒಳಗೆ ಕರೆದರು. ಡಾಕ್ಟರು ಹೆಂಗಸು, ಅವ್ವನ ವಯಸ್ಸಿನವರು. "ಕುಂದರ್ರಿ," ಎಂದರು. ಹೆಲ್ಮೆಟ್ ತೆಗೆದು ಕೂತ ಅಪ್ಪ, ನನ್ನನ್ನು ಕೇಳಿದ್ದಕ್ಕೆಲ್ಲ ತಾನೇ ಉತ್ತರ ಕೊಡತೊಡಗಿದ, ಕಾರ್ಡಿನ ಕಥೆಯನ್ನೂ ತಾನೇ ಹೇಳಿದ. "ಚಾಷ್ಟಿರಿ ಮೇಡಂ, ಬ್ಯಾರೆ ಏನಿಲ್ರಿ. ಮೊಬೈಲ್ ಚಟ ಬಿಡಸ್ರಿ ಸಾಕ." ಡಾಕ್ಟರು ಆ ಕಾರ್ಡು ತೋರಿಸಿ ಎಂದರು. ಅಪ್ಪ ತನ್ನ ಫೋನಿನಲ್ಲಿ ಹುಡುಕಿ ಮೇಜಿನ ಮೇಲಿಟ್ಟ.

"ಅವತ್ತ ನೀವ ಇದನ್ನ ತೆರದು ನೋಡಿದ್ರೇನ್ರಿ?" ಎಂದು ಡಾಕ್ಟರು ಕೇಳಿದರು.

ಇಲ್ಲ ಎನ್ನುತ್ತಾನೆ ಎಂದುಕೊಂಡೆ. ತೆರೆದಿರಲಿಲ್ಲ, ಎಲ್ಲರೂ ಹಾಕಿದರು ತಾನೂ ಹಾಕಿದ, ಅಷ್ಟೇ ಎಂದು ನಾನು ನನಗೇ ಸಮಾಧಾನ ಹೇಳಿಕೊಂಡಿದ್ದೆ. ಅಪ್ಪ ತೊಡೆಯ ಮೇಲಿದ್ದ ಹೆಲ್ಮೆಟನ್ನು ಕೆಳಗಿಟ್ಟ.

"ನೋಡಿದ್ನಿರಿ," ಎಂದ. "ತೆರದು ನೋಡಿದ್ನಿ. ಅಂಚು ಸಮ ಬಂದಾವೋ ಇಲ್ಲೋ, ದೀಪದ ಬಣ್ಣ ಹೆಂಗ ಬಂದೈತಿ, ಅದನ್ನ ನೋಡಿದ್ನಿರಿ. ನಮ್ಮ ಅಂಗಡಿ ಕೆಲಸ ಅಂತ ಖುಷಿ ಆತು. ಯಾರ ಮಾಡ್ಯಾರೋ, ಫೋಟೊ ತೊಳದಿಲ್ಲಲಾ ಅಂತ ಅಂದ್ಕೊಂಡ್ನಿ. ಹಂಗ ಅಂದ್ಕೊಂಡ... ಕೈ ಮುಗದ್ನಿರಿ." ಅವನ ದನಿ ಒಡೆಯಿತು. ನಮ್ಮಪ್ಪ ಯಾರ ಎದುರಿಗೂ ಹಾಗೆ ತಲೆ ಕೆಳಗೆ ಹಾಕಿದ್ದನ್ನು ನಾನು ನೋಡಿರಲಿಲ್ಲ. ನೋಡಲಾರದೆ ಕಿಟಕಿಯ ಕಡೆ ತಿರುಗಿದೆ.

ಡಾಕ್ಟರು ನನ್ನನ್ನು ಕೇಳಿದರು, "ನೀ ಹೇಳವಾ. ಚಾಷ್ಟಿಗೆ ಮಾಡಿದ್ದೇನ?"

ಹೌದು ಎಂದರೆ ಅಪ್ಪ ಉಳಿಯುತ್ತಿದ್ದ. ಮಗಳ ಒಂದು ಚಾಷ್ಟಿಗೆ ಕೈ ಮುಗಿದವನಾಗುತ್ತಿದ್ದ, ನಾಳೆ ನಾಲ್ಕು ಜನರ ಎದುರು ಹೇಳಿ ನಗಬಹುದಾಗಿತ್ತು. ಅಲ್ಲ ಎಂದರೆ ಅವನು ಏನಾಗುತ್ತಾನೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹೌದು ಎಂಬುದು ಬಾಯಿಯವರೆಗೆ ಬಂದಿತ್ತು. ಇಷ್ಟು ದಿನ ಹೇಳಿದ್ದೇ ಅದನ್ನು.

"ಅಲ್ರಿ," ಎಂದೆ. "ಚಾಷ್ಟಿ ಅಲ್ರಿ. ನನಗ ಇರಾಕ ಮನಸ ಇರ್ಲಿಲ್ರಿ."

"ಈಗ?"

"ಈಗೂ ಇಲ್ರಿ."

ಅಪ್ಪ ಕುರ್ಚಿ ಸಹಿತ ನನ್ನ ಕಡೆ ತಿರುಗಿದ. ಮೊಡವೆ, ದಪ್ಪ ಮೂಗು, ಒಡೆದ ತುಟಿ, ಎಲ್ಲವನ್ನೂ ನೋಡಿದ, ಬಹಳ ಹೊತ್ತು ನೋಡಿದ. ನಾಚಿಕೆಯಿಂದ ನನ್ನ ಮುಖ ಉರಿಯುತ್ತಿತ್ತು, ಆದರೂ ನಾನು ತಿರುಗಿಸಿಕೊಳ್ಳಲಿಲ್ಲ.